ಲಿನಕ್ಸ್‌ಗೆ ದುಡ್ಡು ಕೊಡಿ, ಆದರೆ ಡೌನ್‌ಲೋಡ್ ಮಾಡುವಾಗ ಅಲ್ಲ

ವಿಂಡೋಸ್ ಬದಲು ಕಂಪ್ಯೂಟರಿಗೆ ಹಾಕಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಂ (ಓಎಸ್) ಲಿನಕ್ಸ್, ಬೇರೆ ಬೇರೆ ತಂಡಗಳು ಅದನ್ನು ಬೇರೆ ಬೇರೆ ಹೆಸರಲ್ಲಿ ಕೊಡುತ್ತವೆ. ಅದರಲ್ಲಿ ಎಲಿಮೆಂಟರಿ ಓಎಸ್ ಅಂತ ಒಂದಿದೆ, ನೋಡೋಕೆ ತುಂಬಾ ಚೆಂದ. ಅವರ ವೆಬ್‌ಸೈಟಿಗೆ ಹೋದರೆ ಡೌನ್‌ಲೋಡ್ ಬಟನ್ ನೇರವಾಗಿ ಸಿಗುವುದಿಲ್ಲ. ಡಾಲರ್ ಲೆಕ್ಕದಲ್ಲಿ ಕೆಲವು ಮೊತ್ತ ಇರುತ್ತವೆ, ಪಕ್ಕದಲ್ಲಿ ನಮಗಿಷ್ಟ ಬಂದಷ್ಟು ಬರೆಯೋಕೆ ಖಾಲಿ ಜಾಗ, ಜೊತೆಗೆ 'ಖರೀದಿಸಿ' ಅನ್ನುವ ಬಟನ್. ಖಾಲಿ ಜಾಗದಲ್ಲಿ ಸೊನ್ನೆ ಹಾಕಿದರೆ ಅದೇ ಬಟನ್ 'ಡೌನ್‌ಲೋಡ್' ಅಂತ ಬದಲಾಗುತ್ತದೆ. ನನ್ನ ಅಕ್ಕನ ಮಗ ಇಲ್ಲೇ ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನು ಈ ಪುಟದ ಸ್ಕ್ರೀನ್‌ಶಾಟ್ ಕಳಿಸಿ, "ಮಾಮ, ಲಿನಕ್ಸ್ ಫ್ರೀ ಅಂದಿದ್ರಿ, ಇವರು ದುಡ್ಡು ಕೇಳ್ತಿದ್ದಾರಲ್ಲ, ಇದು ಮೋಸ ಅಲ್ವಾ?" ಅಂತ ಕೇಳಿದ. ಮೋಸ ಅಲ್ಲ ಕಣೋ, ಸೊನ್ನೆ ಹಾಕು, ಇಳಿಸಿಕೋ ಅಂದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಅವನಿಗಿಂತ ಹೆಚ್ಚಾಗಿ ನನ್ನ ಹಾಗೆ ಈ ಊರಲ್ಲಿ ಸಾಫ್ಟ್‌ವೇರ್ ಸಂಬಳದಲ್ಲಿ ಬದುಕುತ್ತಿರುವವರಿಗೆ.

ಮೊದಲು ಮೋಸದ ಮಾತು ಮುಗಿಸೋಣ. ಲಿನಕ್ಸ್ ಓಪನ್ ಸೋರ್ಸ್, ಅಂದರೆ ಅದರ ಸೋರ್ಸ್ ಕೋಡ್ (ಪ್ರೋಗ್ರಾಮರ್ ಬರೆದ ಮೂಲ ಸಾಲುಗಳು) ಎಲ್ಲರಿಗೂ ತೆರೆದಿರುತ್ತದೆ. ಹಾಗಂತ ದುಡ್ಡು ತಗೊಳ್ಳಬಾರದು ಅಂತ ಎಲ್ಲೂ ಬರೆದಿಲ್ಲ. ಲಿನಕ್ಸ್ ಬಳಸುವ ಜಿಪಿಎಲ್ ಲೈಸೆನ್ಸ್ ಬರೆದ ರಿಚರ್ಡ್ ಸ್ಟಾಲ್‌ಮನ್ ತಾವೇ 1985ರ ಸುಮಾರಿಗೆ ಈಮ್ಯಾಕ್ಸ್ ಪ್ರೋಗ್ರಾಮನ್ನು ಟೇಪಿನಲ್ಲಿ ತುಂಬಿಸಿ 150 ಡಾಲರ್‌ಗೆ ಮಾರುತ್ತಿದ್ದರು. ಇಂಟರ್‌ನೆಟ್ ಇದ್ದವರು ಅದನ್ನೇ ಸುಮ್ನೆ ಇಳಿಸಿಕೊಳ್ಳಬಹುದಿತ್ತು, ಇಲ್ಲದವರು ಟೇಪ್ ತರಿಸಿಕೊಳ್ಳುತ್ತಿದ್ದರು. ಲೈಸೆನ್ಸ್ ಹೇಳುವುದು ಇಷ್ಟೇ: ಎಷ್ಟು ಬೇಕಾದರೂ ಬೆಲೆ ಇಡು, ಆದರೆ ಕೊಂಡವನಿಗೆ ಸೋರ್ಸ್ ಕೋಡ್ ಕೊಡಬೇಕು, ಅವನು ಅದನ್ನು ತಿದ್ದಿದರೆ, ಇನ್ನೊಬ್ಬರಿಗೆ ಕಾಪಿ ಮಾಡಿ ಕೊಟ್ಟರೆ ಬೇಡ ಅನ್ನುವ ಹಾಗಿಲ್ಲ. ಒಬ್ಬ ಕೊಂಡು ಹತ್ತು ಜನರಿಗೆ ಹಂಚಬಹುದು ಅಂದಮೇಲೆ ಬೆಲೆ ತಾನಾಗಿಯೇ ಸೊನ್ನೆಗೆ ಇಳಿಯುತ್ತದೆ. ಹಾಗಾಗಿ ಪುಕ್ಕಟೆ ಆಗಿರುವುದು ಯಾರೋ ಉದಾರವಾಗಿ ಕೊಟ್ಟಿದ್ದರಿಂದ ಮಾತ್ರ ಅಲ್ಲ. ಆ ಲೈಸೆನ್ಸ್ ಇದ್ದ ಕಡೆ ಅದು ಹಾಗೇ ಆಗುತ್ತದೆ.

ನಮ್ಮಲ್ಲಿಗೂ ಲಿನಕ್ಸ್ ಬಂದಿದ್ದು ಯಾರೋ ಒಬ್ಬರು ದುಡ್ಡು ಕೊಟ್ಟಿದ್ದರಿಂದಲೇ. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ಜೊತೆ ಲಿನಕ್ಸ್ ಸಿಡಿ ಬಂತು, ಆಮೇಲೂ ವರ್ಷ ವರ್ಷ ಬರುತ್ತಿತ್ತು. ಆಗಿನ ಡಯಲ್-ಅಪ್ ಮೋಡೆಮ್ ಪೂರ್ತಿ 56 ಕೆಬಿಪಿಎಸ್ ಕೊಟ್ಟರೂ (ಯಾವತ್ತೂ ಕೊಡುತ್ತಿರಲಿಲ್ಲ) ಒಂದು ಸಿಡಿಯಷ್ಟು ಫೈಲ್ ಇಳಿಯೋಕೆ ಒಂದು ಇಡೀ ದಿನಕ್ಕಿಂತ ಜಾಸ್ತಿ ಬೇಕು, ನಡುವೆ ಮನೆಗೆ ಯಾರಾದರೂ ಫೋನ್ ಮಾಡಿದರೆ ಲೈನ್ ಕಟ್. ಫೋನ್ ಬಿಲ್ಲಿಗೆ ಹೋಲಿಸಿದರೆ ಪತ್ರಿಕೆ ಕೊಳ್ಳುವುದೇ ಅಗ್ಗ. ಆಮೇಲೆ 2005ರಲ್ಲಿ ಉಬುಂಟು ಅನ್ನುವ ಲಿನಕ್ಸ್‌ನವರು ಶುರು ಮಾಡಿದ ಶಿಪ್‌ಇಟ್ ನೆನಪಿದೆಯಾ? ವೆಬ್‌ಸೈಟಿನಲ್ಲಿ ವಿಳಾಸ ಬರೆದರೆ ಸಾಕು, ಕೆಲವು ವಾರಗಳಲ್ಲಿ ವಿದೇಶದಿಂದ ಸಿಡಿ ಮನೆಬಾಗಿಲಿಗೆ ಬರುತ್ತಿತ್ತು, ಅಂಚೆ ಖರ್ಚೂ ಅವರದ್ದೇ. ಬೆಂಗಳೂರಿನ ಕಾಲೇಜು ಹಾಸ್ಟೆಲುಗಳಲ್ಲಿ ಆ ಸಿಡಿಗಳು ಕೈಯಿಂದ ಕೈಗೆ ಓಡಾಡಿದ್ದನ್ನು ನೋಡಿದವರು ಇದನ್ನು ಓದುತ್ತಿರುತ್ತೀರಿ. ಆ ದುಡ್ಡು ಬಂದಿದ್ದು ಉಬುಂಟು ಹುಟ್ಟುಹಾಕಿದ ಮಾರ್ಕ್ ಶಟಲ್‌ವರ್ತ್ ಜೇಬಿನಿಂದ. 1999ರಲ್ಲಿ ತಮ್ಮ ಕಂಪನಿಯನ್ನು ವೆರಿಸೈನ್‌ಗೆ ಮಾರಿ ಸಂಪಾದಿಸಿದ್ದರಲ್ಲಿ ಒಂದು ಪಾಲು ನಮ್ಮ ಹುಡುಗರ ಕೈಗೆ ಸಿಡಿಯಾಗಿ ಬಂತು. 2011ರಲ್ಲಿ ಶಿಪ್‌ಇಟ್ ನಿಂತಿತು. ಮರುವರ್ಷ ಉಬುಂಟು ಡೌನ್‌ಲೋಡ್ ಪುಟದಲ್ಲೂ ದುಡ್ಡು ಕೇಳುವ ಸಾಲುಗಳು ಬಂದವು.

ಎಸ್.ಪಿ. ರೋಡಿಗೆ ಹೋಗಿ ನೋಡಿ. ಹಳೇ ಲ್ಯಾಪ್‌ಟಾಪ್ ತಂದು "ತುಂಬಾ ಸ್ಲೋ ಆಗಿದೆ, ಏನಾದ್ರೂ ಮಾಡಿಕೊಡಿ" ಅನ್ನುವವರು ಅಲ್ಲಿ ದಿನಾ ಬರುತ್ತಾರೆ. ಅಂಗಡಿಯವರು ಎಸ್‌ಎಸ್‌ಡಿ ಹಾಕಿ, ರ‍್ಯಾಮ್ ಏರಿಸಿ, ಓಎಸ್ ಹಾಕಿ ಕೊಡುತ್ತಾರೆ. ಬಿಲ್ಲಿನ ಚೀಟಿಯಲ್ಲಿ ಎಸ್‌ಎಸ್‌ಡಿಗೆ ಇಷ್ಟು, ರ‍್ಯಾಮ್‌ಗೆ ಇಷ್ಟು, ಕೊನೆಗೆ 'ಓಎಸ್ ಇನ್‌ಸ್ಟಾಲೇಶನ್' ಅಂತ ಒಂದು ಸಾಲು. ಆ ಸಾಲಿಗೆ ಯಾರೂ ಚೌಕಾಸಿ ಮಾಡುವುದಿಲ್ಲ, ಮಾಡಿದರೂ ಐವತ್ತು ರೂಪಾಯಿಗೆ ಮಾತ್ರ. ಅದು ಅಂಗಡಿಯವರ ಕೂಲಿ, ನ್ಯಾಯವಾದದ್ದೇ. ಆದರೆ ಒಳಗೆ ಹಾಕಿದ ಓಎಸ್ ಮಾಡಿದವರಿಗೆ ಅದರಲ್ಲಿ ಒಂದು ಪೈಸೆಯೂ ಹೋಗುವುದಿಲ್ಲ. ಅದು ಕದ್ದ ವಿಂಡೋಸ್ ಆಗಿದ್ದರೂ ಅಷ್ಟೇ, ಲಿನಕ್ಸ್ ಮಿಂಟ್ ಆಗಿದ್ದರೂ ಅಷ್ಟೇ.

ನಮ್ಮ ದೇಶದಲ್ಲಿ ಲಿನಕ್ಸ್‌ನ ನಿಜವಾದ ಎದುರಾಳಿ ಹೀಗೆ ಪುಕ್ಕಟೆ ಅನ್ನಿಸುವ ವಿಂಡೋಸೇ ಅಂತ ನನಗೆ ಅನ್ನಿಸುತ್ತದೆ. ಹೊಸ ಲ್ಯಾಪ್‌ಟಾಪ್ ಕೊಳ್ಳುವಾಗ ವಿಂಡೋಸ್ ಬೆಲೆ ಒಟ್ಟು ಬೆಲೆಯಲ್ಲೇ ಸೇರಿರುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹಳೇದಕ್ಕೆ ಹಾಕಿಸುವಾಗ ಕ್ರ್ಯಾಕ್ ಮಾಡಿದ್ದು ಪುಕ್ಕಟೆ ಸಿಗುತ್ತದೆ. ಹಾಗಾಗಿ ಓಎಸ್‌ಗೆ ಅಂತ ಬೇರೆಯಾಗಿ ದುಡ್ಡು ಎಣಿಸಿ ಕೊಟ್ಟ ಅಭ್ಯಾಸವೇ ನಮ್ಮಲ್ಲಿ ಬಹಳ ಜನಕ್ಕೆ ಇಲ್ಲ. ಅಂಥ ಜಾಗದಲ್ಲಿ "ಲಿನಕ್ಸ್ ಹಾಕ್ಕೋ, ಫ್ರೀ" ಅಂದರೆ ಯಾರ ಕಿವಿಯೂ ನೆಟ್ಟಗಾಗುವುದಿಲ್ಲ, ಎಲ್ಲವೂ ಫ್ರೀ ತಾನೇ. "ಇದು ನಿನ್ನದು, ಕದ್ದಿದ್ದಲ್ಲ, ಅಪ್‌ಡೇಟ್ ಬರುತ್ತೆ, ಕ್ರ್ಯಾಕ್ ಜೊತೆ ವೈರಸ್ ಬರೋ ಭಯ ಇಲ್ಲ" ಅಂದರೆ ಕೇಳುತ್ತಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿದ ಮೇಲಂತೂ ಈ ಮಾತು ಹೇಳೋಕೆ ಒಳ್ಳೇ ಸಮಯ. ಜೋರಿನ್ ಓಎಸ್ ಅನ್ನುವ ಲಿನಕ್ಸ್‌ನವರು ಅದೇ ದಿನ ನೋಡಿ ತಮ್ಮ 18ನೇ ಆವೃತ್ತಿ ಬಿಟ್ಟರು. ಅವರ ಕ್ರಮ ನನಗೆ ಇಷ್ಟ: ಕೋರ್ ಆವೃತ್ತಿ ಪುಕ್ಕಟೆ, ಪ್ರೊ ಆವೃತ್ತಿಗೆ ಬೆಲೆ, ದುಡ್ಡು ಕೊಟ್ಟರೆ ಏನು ಜಾಸ್ತಿ ಸಿಗುತ್ತದೆ ಅಂತ ಪುಟದಲ್ಲೇ ಬರೆದಿರುತ್ತಾರೆ.

ಎಲಿಮೆಂಟರಿಯವರು 2015ರಲ್ಲಿ ಒಂದು ಮಾತು ಬರೆದು ಬೈಸಿಕೊಂಡರು. ಇಳಿಸಿಕೊಂಡವರಲ್ಲಿ 99 ಶೇಕಡಾಕ್ಕೂ ಹೆಚ್ಚು ಜನ ಏನೂ ಕೊಟ್ಟಿಲ್ಲ ಅಂತ ಲೆಕ್ಕ ಹೇಳಿ, ಸೊನ್ನೆ ಹಾಕುವುದು ಒಂಥರಾ ವ್ಯವಸ್ಥೆಗೆ ಟೋಪಿ ಹಾಕಿದ ಹಾಗೆ ಅನ್ನುವ ಅರ್ಥದಲ್ಲಿ ಬರೆದಿದ್ದರು. ಜನ ತಿರುಗಿಬಿದ್ದರು, ಆಮೇಲೆ ಆ ಮಾತು ತಿದ್ದಿದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಕೇಳಿದ ಹೊತ್ತು ಸರಿ ಇಲ್ಲ ಅಂತ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ದರ್ಶಿನಿಯಲ್ಲಿ ಮೊದಲೇ ದುಡ್ಡು ಕೊಟ್ಟು ಟೋಕನ್ ತಗೊಳ್ಳುತ್ತೇವೆ, ಯಾಕೆಂದರೆ ಆ ಇಡ್ಲಿ ಹೇಗಿರುತ್ತದೆ ಅಂತ ನಮಗೆ ಗೊತ್ತು. ಹೊಸ ಓಎಸ್ ಹಾಗಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ವೈಫೈ ಹಿಡಿಯುತ್ತದಾ, ಮುಚ್ಚಳ ಮುಚ್ಚಿ ತೆಗೆದರೆ ಎದ್ದೇಳುತ್ತದಾ, ಪ್ರಿಂಟರ್ ಕೇಳುತ್ತದಾ, ಇದೊಂದೂ ಡೌನ್‌ಲೋಡ್ ಪುಟದ ಮುಂದೆ ಕೂತವನಿಗೆ ಗೊತ್ತಿರುವುದಿಲ್ಲ. ಆಗ ಬೆಲೆ ಕಟ್ಟು ಅಂದರೆ ಏನು ಕಟ್ಟೋದು? ಅದೇ ಮನುಷ್ಯ ಒಂದು ವರ್ಷ ಅದರಲ್ಲಿ ಕೆಲಸ ಮಾಡಿದ ಮೇಲೆ ಕೇಳಿ ನೋಡಿ. ಆಗ ಅವನಿಗೆ ಅದರ ಬೆಲೆ ಚೆನ್ನಾಗಿ ಗೊತ್ತಿರುತ್ತದೆ, ಆದರೆ ಆಗ ಕೇಳುವವರೇ ಇರುವುದಿಲ್ಲ, ಅವನು ಆ ಪುಟಕ್ಕೆ ಮತ್ತೆ ಹೋಗುವುದೂ ಇಲ್ಲ.

ಹಾಗಾಗಿ ನಾನು ಹೇಳೋದು: ಇಳಿಸಿಕೊಳ್ಳುವಾಗ ಧೈರ್ಯವಾಗಿ ಸೊನ್ನೆ ಹಾಕಿ. ವಿದ್ಯಾರ್ಥಿ ಆದರೆ, ಕೆಲಸ ಹುಡುಕುತ್ತಿದ್ದರೆ, ಸೊನ್ನೆಯಲ್ಲೇ ಇರಿ, ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಆದರೆ ಅದರ ಮೇಲೆ ಸಂಬಳ ದುಡಿಯೋಕೆ ಶುರು ಮಾಡಿದ ದಿನದಿಂದ ಲೆಕ್ಕ ಬೇರೆ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಕೊಡದಿದ್ದರೆ ಏನಾಗುತ್ತದೆ ಅಂತ ನಾವು ನೋಡಿಯಾಗಿದೆ. ಔಟರ್ ರಿಂಗ್ ರೋಡಿನ ಯಾವ ಟೆಕ್ ಪಾರ್ಕಿಗೆ ಹೋದರೂ ಜನ ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಸುರಕ್ಷಿತವಾಗಿ ಲಾಗಿನ್ ಆಗುತ್ತಿರುತ್ತಾರೆ. ಅದಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಚ್ ಪ್ರೋಗ್ರಾಮ್ ಬರೆದವರು ಓಪನ್‌ಬಿಎಸ್‌ಡಿ ಅನ್ನುವ ಇನ್ನೊಂದು ಪುಕ್ಕಟೆ ಓಎಸ್ ಮಾಡುವ ತಂಡ. 2014ರ ಜನವರಿಯಲ್ಲಿ ಅವರು ಕರೆಂಟ್ ಬಿಲ್ ಕಟ್ಟೋಕೆ ದುಡ್ಡಿಲ್ಲ ಅಂತ ಕೈಚಾಚಬೇಕಾಯಿತು, ವರ್ಷಕ್ಕೆ ಸುಮಾರು 20,000 ಡಾಲರ್. ಜಗತ್ತಿನ ಎಷ್ಟೋ ದೊಡ್ಡ ಕಂಪನಿಗಳು ಅವರ ಕೋಡ್ ಬಳಸುತ್ತಿದ್ದವು. ಅದೇ ವರ್ಷ ಏಪ್ರಿಲ್‌ನಲ್ಲಿ, ವೆಬ್‌ಸೈಟುಗಳ ಜೊತೆಗಿನ ನಮ್ಮ ಮಾತುಕತೆ ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಹೊರಬಿತ್ತು. ಆಗ ಗೊತ್ತಾಗಿದ್ದು ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಅಂತ. ಸ್ಲ್ಯಾಕ್‌ವೇರ್ ಅನ್ನುವ ಹಳೇ ಲಿನಕ್ಸ್‌ನ ಕಥೆ ಇನ್ನೂ ಬೇಜಾರಿನದು. 1993ರಿಂದ ಅದನ್ನು ನಡೆಸಿಕೊಂಡು ಬಂದ ಪ್ಯಾಟ್ರಿಕ್ ವೋಲ್ಕರ್ಡಿಂಗ್ 2018ರಲ್ಲಿ, ಜನ ಅಂಗಡಿಯಲ್ಲಿ ಸಿಡಿ, ಡಿವಿಡಿ ಕೊಂಡ ದುಡ್ಡು ತನಗೆ ಬಂದೇ ಇಲ್ಲ, ಮನೆ ನಡೆಸೋದೇ ಕಷ್ಟವಾಗಿದೆ ಅಂತ ಬರೆದರು. ಕೊಂಡವರು ಅವರಿಗೇ ಕೊಡುತ್ತಿದ್ದೇವೆ ಅಂದುಕೊಂಡಿದ್ದರು. ಅದನ್ನು ಓದಿದ ಮೇಲೆ, ದುಡ್ಡು ಕೊಡುವ ಮೊದಲು ಅದು ಯಾರ ಕೈಗೆ ಹೋಗುತ್ತದೆ ಅಂತ ನೋಡುವುದನ್ನು ನಾನು ರೂಢಿ ಮಾಡಿಕೊಂಡೆ.

2024ರ ಮಾರ್ಚ್‌ನಲ್ಲಿ ಎಕ್ಸ್‌ಜಡ್ (XZ) ಕಥೆ. ಹೆಚ್ಚುಕಮ್ಮಿ ಎಲ್ಲಾ ಲಿನಕ್ಸ್‌ಗಳಲ್ಲೂ ಇರುವ, ಫೈಲ್ ಕುಗ್ಗಿಸುವ ಪುಟ್ಟ ಪ್ರೋಗ್ರಾಮ್. ಅದನ್ನು ನೋಡಿಕೊಳ್ಳುತ್ತಿದ್ದವರು ಸಂಬಳವಿಲ್ಲದೆ, ಬಿಡುವಿನ ಹೊತ್ತಲ್ಲಿ ಮಾಡುತ್ತಿದ್ದ ಒಬ್ಬ ಮನುಷ್ಯ, ದಣಿದು ಹೋಗಿದ್ದರು. ಯಾರೋ ಒಬ್ಬ ಸಹಾಯ ಮಾಡುತ್ತೇನೆ ಅಂತ ಬಂದು, ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ, ಒಳಗೆ ಹಿಂಬಾಗಿಲು, ಅಂದರೆ ಕದ್ದು ನುಗ್ಗೋಕೆ ದಾರಿ, ಇಟ್ಟ. ಆಂಡ್ರೆಸ್ ಫ್ರಾಯ್ಂಡ್ ಅನ್ನುವ ಇಂಜಿನಿಯರ್‌ಗೆ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗಿದ್ದು ಕಣ್ಣಿಗೆ ಬಿತ್ತು, ಬೆನ್ನುಹತ್ತಿದರು, ಸಿಕ್ಕಿತು. ಆ ಅರ್ಧ ಸೆಕೆಂಡನ್ನು ಅವರು ಕಡೆಗಣಿಸಿದ್ದರೆ? ಒಬ್ಬನೇ ದಣಿದ ಮನುಷ್ಯನ ಮೇಲೆ ಇಷ್ಟು ಭಾರ ಬಿಟ್ಟಿದ್ದೆವಲ್ಲ, ಅದು ನನ್ನನ್ನು ಈಗಲೂ ಕಾಡುತ್ತದೆ.

ಇನ್ನೊಂದು ಕಡೆ, ದುಡ್ಡು ಬಂದ ಕಡೆ ಏನಾಯಿತು ಅಂತಲೂ ನೋಡಬೇಕು. ಹಳೇ ಲಿನಕ್ಸ್‌ಗಳಲ್ಲಿ ಕನ್ನಡ ಪುಟ ತೆರೆದರೆ ಅಕ್ಷರಗಳ ಬದಲು ಬರೀ ಚೌಕಗಳು, ಅಕ್ಷರ ಬಂದರೂ ಒತ್ತಕ್ಷರ ಕೆಳಗೆ ಕೂರುತ್ತಿರಲಿಲ್ಲ, ಅರ್ಕಾವತ್ತು ಎಲ್ಲೋ, ಅಕ್ಷರ ಎಲ್ಲೋ. ಆಮೇಲೆ ಬಂದದ್ದು ಲೋಹಿತ್ ಕನ್ನಡ ಫಾಂಟ್. ಅದನ್ನು ಹೊರತಂದದ್ದು ರೆಡ್ ಹ್ಯಾಟ್, ಅಂದರೆ ಪುಕ್ಕಟೆ ಸೋರ್ಸ್ ಕೋಡಿನ ಓಎಸ್‌ಗೆ ಕಂಪನಿಗಳಿಂದ ವರ್ಷ ವರ್ಷ ಚಂದಾ ತಗೊಳ್ಳುವ ಕಂಪನಿ. ಯಾವುದೋ ದೇಶದ ಬ್ಯಾಂಕೋ ವಿಮಾ ಕಂಪನಿಯೋ ಕಟ್ಟಿದ ಚಂದಾ ಸುತ್ತಿ ಬಳಸಿ ಬಂದು, ಒಂದು ಪೈಸೆ ಕೊಡದ ಕನ್ನಡದ ಹುಡುಗನ ಪರದೆ ಮೇಲೆ 'ಸೂರ್ಯ' ಅಂತ ಸರಿಯಾಗಿ ಮೂಡಿಸಿತು. ದುಡ್ಡು ಕೊಟ್ಟ ಆವೃತ್ತಿ, ಪುಕ್ಕಟೆ ಆವೃತ್ತಿ ಅಂತ ಜಗಳ ಆಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಅದೇ ರೆಡ್ ಹ್ಯಾಟ್ 2020ರ ಡಿಸೆಂಬರ್‌ನಲ್ಲಿ, ತನ್ನ ಓಎಸ್‌ನ ಪುಕ್ಕಟೆ ಪ್ರತಿಯಂತಿದ್ದ, 2029ರವರೆಗೆ ಇರಬೇಕಿದ್ದ ಸೆಂಟ್‌ಓಎಸ್ 8 ಮರುವರ್ಷವೇ ಮುಗಿಯುತ್ತದೆ ಅಂತ ಹೇಳಿದ್ದೂ ನಿಜ. ಹಾಗೆ ಮಾಡಿದ್ದು ಸರಿಯಲ್ಲ, ಕೊಟ್ಟ ಮಾತು ಮಾತೇ. ಅದರ ಜಾಗ ತುಂಬೋಕೆ ರಾಕಿ ಲಿನಕ್ಸ್, ಆಲ್ಮಾ ಲಿನಕ್ಸ್ ಹುಟ್ಟಿದ್ದು ಆ ಸಿಟ್ಟಿನಿಂದಲೇ. ಆದರೆ ಸಾವಿರಾರು ಸರ್ವರ್ ಓಡಿಸುತ್ತಾ ಯಾರಿಗೂ ಏನೂ ಕಟ್ಟದೆ ಕೂತಿದ್ದ ಕಂಪನಿಗಳೂ ಆಗ ಗೋಳಾಡಿದವು. ಅವರ ಗೋಳು ನನ್ನನ್ನು ಅಷ್ಟಾಗಿ ತಟ್ಟಲಿಲ್ಲ.

ಕೊಡೋಣ ಅಂದರೆ ಇಲ್ಲಿಂದ ಕೊಡುವುದೂ ಸಲೀಸಲ್ಲ. ಹೆಚ್ಚಿನ ಯೋಜನೆಗಳು ಯುಪಿಐ ತಗೊಳ್ಳುವುದಿಲ್ಲ. ಹೊಸ ಕಾರ್ಡುಗಳಲ್ಲಿ ವಿದೇಶಿ ಪಾವತಿ ಮುಚ್ಚೇ ಇರುತ್ತದೆ, ಬ್ಯಾಂಕ್ ಆ್ಯಪಿಗೆ ಹೋಗಿ ತೆರೆಯಬೇಕು. 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದಮೇಲೆ ತಿಂಗಳು ತಿಂಗಳು ತಾನಾಗಿ ಹೋಗುತ್ತಿದ್ದ ಎಷ್ಟೋ ವಿದೇಶಿ ಪಾವತಿಗಳು ನಿಂತೇ ಹೋದವು. ಅದಕ್ಕೆ ನಾನು ತಿಂಗಳ ಲೆಕ್ಕ ಬಿಟ್ಟು ವರ್ಷಕ್ಕೊಮ್ಮೆ ಕೊಡುತ್ತೇನೆ, ಆದಾಯ ತೆರಿಗೆ ರಿಟರ್ನ್ ಹಾಕುವ ಹೊತ್ತಿಗೆ, ಆಗ ಹೇಗಿದ್ದರೂ ಲೆಕ್ಕದ ಪುಸ್ತಕ ತೆರೆದಿರುತ್ತದೆ. ಡೆಬಿಯನ್ ಅನ್ನುವ ಲಿನಕ್ಸ್‌ಗೆ ಒಂದಿಷ್ಟು, ಮಿಂಟ್‌ಗೆ ಒಂದಿಷ್ಟು. ಮಿಂಟ್‌ನವರು ಪ್ರತಿ ತಿಂಗಳು ಕೊಟ್ಟವರ ಹೆಸರು ಪ್ರಕಟಿಸಿ ಥ್ಯಾಂಕ್ಸ್ ಹೇಳುತ್ತಾರೆ, ಅದು ನನಗೆ ಹಿಡಿಸಿದೆ. ದೊಡ್ಡ ಮೊತ್ತ ಬೇಕಾಗಿಲ್ಲ, ಒಂದು ವಾರಾಂತ್ಯದ ಸಿನಿಮಾ, ಪಾಪ್‌ಕಾರ್ನ್ ಖರ್ಚು ಸಾಕು.

ಆದರೆ ನಾನು, ನೀವು ಕೊಡುವುದರಿಂದ ಈ ಹೊಂಡ ತುಂಬುವುದಿಲ್ಲ, ಕಂಪನಿಗಳು ಕೊಡಬೇಕು. ನಮ್ಮ ಊರಿನದ್ದೇ ಆದ ಷೇರು ವಹಿವಾಟಿನ ಕಂಪನಿ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ಇಂಥ ಯೋಜನೆಗಳಿಗೆ ದುಡ್ಡು ಕೊಡೋಕೆ ಫ್ಲಾಸ್ ಫಂಡ್ ಶುರು ಮಾಡಿತು, ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ, ಒಂದೊಂದು ಯೋಜನೆಗೆ 10,000ದಿಂದ 1 ಲಕ್ಷ ಡಾಲರ್. ಇಷ್ಟು ದೊಡ್ಡದಾಗಿ ಎಲ್ಲರಿಂದಲೂ ಆಗದು, ಸಣ್ಣದಾಗಿ ಆಗುತ್ತದೆ. ನಿಮ್ಮ ಆಫೀಸಿನಲ್ಲಿ ಕೇಳುವುದಾದರೆ ಒಂದು ವಿಷಯ ಗಮನದಲ್ಲಿರಲಿ: ಫೈನಾನ್ಸ್‌ನವರ ಹತ್ತಿರ 'ದೇಣಿಗೆ' ಅಂದರೆ ಕಡತ ಅಲ್ಲೇ ಕೂರುತ್ತದೆ, ಯಾವ ಖಾತೆಗೆ ಹಾಕೋದು, ಯಾರು ಸಹಿ ಮಾಡೋದು ಅಂತ ತಿಂಗಳುಗಟ್ಟಲೆ ಓಡಾಡುತ್ತದೆ. 'ಸಪೋರ್ಟ್' ಅಂತ ಇನ್‌ವಾಯ್ಸ್ ತೋರಿಸಿದರೆ ಬೇಗ ಹೋಗುತ್ತದೆ. ಹಾಗಾಗಿ ಓಎಸ್ ಮಾಡುವವರು ಮಾರಾಟಕ್ಕೆ ಅಂತ ಏನಾದರೂ ಇಟ್ಟಿರುವುದು ಒಳ್ಳೆಯದೇ, ಚಂದಾ ಆಗಲಿ, ಸಪೋರ್ಟ್ ಆಗಲಿ. ಮುಂದಿನ ವರ್ಷದ ಬಜೆಟ್ ಹಾಳೆಯಲ್ಲಿ ಕ್ಲೌಡ್ ಬಿಲ್ಲಿನ ಕೆಳಗೆ ಇದಕ್ಕೂ ಒಂದು ಸಾಲು ಇರಲಿ ಅಂತ ನಮ್ಮ ಮ್ಯಾನೇಜರ್‌ಗೆ ಮೇಲ್ ಹಾಕಿದ್ದೇನೆ, ನಾವು ದಿನಾ ಬಳಸುವ ಯೋಜನೆಗಳ ಪಟ್ಟಿ ಜೊತೆಗಿದೆ. ಯಾರಿಗಾದರೂ ಆ ಪಟ್ಟಿ ಬೇಕಿದ್ದರೆ ಕೇಳಿ, ಕಳಿಸುತ್ತೇನೆ.