ಗೋವಾದಲ್ಲಿ ಜಿಯೋಕ್ಯಾಶಿಂಗ್: ಫೋನ್ ಒಂದಿದ್ದರೆ ಸಾಕು, ಆದರೆ ಮನೆಯಲ್ಲೇ ತಯಾರಿ ಮಾಡಿಕೊಳ್ಳಿ

ಗೋವಾದಲ್ಲಿ ಜಿಯೋಕ್ಯಾಶಿಂಗ್ ಮಾಡಬೇಕು ಅಂತ ಇದ್ದರೆ ಅದಕ್ಕಾಗಿ ಬೇರೆ ಜಿಪಿಎಸ್ ಯಂತ್ರ ಕೊಳ್ಳಬೇಡಿ. ವಿವರ, ಸುಳಿವುಗಳ ಕಾಗದದ ಕಟ್ಟು ಪ್ರಿಂಟ್ ಹಾಕಿಸುವುದೂ ಬೇಡ. ಕೈಯಲ್ಲಿರುವ ಫೋನ್ ಸಾಕು. ಹುಬ್ಬಳ್ಳಿಯಿಂದ ನಾನು, ನನ್ನ ಚಿಕ್ಕಪ್ಪನ ಮಗ ಇಬ್ಬರೂ ಹಾಗೇ ಹೋಗಿ ಬಂದೆವು. ವಾಸ್ಕೋದಲ್ಲಿ ಸೋದರಮಾವನ ಮನೆ ಇದೆ, ಹಾಗಾಗಿ ಉಳಿಯುವ ಚಿಂತೆ ಇರಲಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಯಾರೋ ಒಂದು ಡಬ್ಬಿಯನ್ನು (ಇದಕ್ಕೆ ಕ್ಯಾಶ್ ಅನ್ನುತ್ತಾರೆ) ಎಲ್ಲೋ ಅಡಗಿಸಿ ಅದರ ಅಕ್ಷಾಂಶ, ರೇಖಾಂಶ ಕೊಟ್ಟಿರುತ್ತಾರೆ. ನಾವು ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟು ಬರಬೇಕು. ಅಷ್ಟೇ. ಮೊದಲು ಅಮೆರಿಕ ಜಿಪಿಎಸ್ ಸಿಗ್ನಲ್ಲಿನಲ್ಲಿ ಬೇಕಂತಲೇ ತಪ್ಪು ಸೇರಿಸುತ್ತಿತ್ತು. ಅದನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ಬೆನ್ನಲ್ಲೇ ಆರಿಗನ್ ರಾಜ್ಯದಲ್ಲಿ ಮೊದಲ ಡಬ್ಬಿ ಬಿತ್ತು. ಈಗ ಜಗತ್ತಿನಲ್ಲಿ 30 ಲಕ್ಷಕ್ಕೂ ಜಾಸ್ತಿ ಇವೆ. ಯುರೋಪಿನಲ್ಲಿ ಇರುವಷ್ಟು ದಟ್ಟವಾಗಿ ನಮ್ಮಲ್ಲಿಲ್ಲ. ಅದಕ್ಕೇ ಗೋವಾದಲ್ಲಿ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹೋಗಲು ಸ್ಕೂಟರ್ ಬೇಕಾಗುತ್ತದೆ. ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುವ ಬಾಡಿಗೆ ಗಾಡಿಯನ್ನೇ ತೆಗೆದುಕೊಳ್ಳಿ, ಬಿಳಿ ಪ್ಲೇಟಿನ ಖಾಸಗಿ ಗಾಡಿ ತೆಗೆದುಕೊಂಡು ಪೊಲೀಸರ ಕೈಗೆ ಸಿಕ್ಕರೆ ದಂಡ ಕಟ್ಟಬೇಕು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬರೀ ಸಿಗ್ನಲ್ ಹಿಡಿಯುವ ಜಿಪಿಎಸ್ ಬೇರೆ, ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಯಂತ್ರ ಬೇರೆ. ಎರಡನೆಯದನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ. 2024ರ ಕೊನೆಯಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಅಂಥದ್ದು ಬ್ಯಾಗಿನಲ್ಲಿ ಸಿಕ್ಕಿದ್ದಕ್ಕೆ ವಿದೇಶಿ ಪ್ರವಾಸಿಯೊಬ್ಬರನ್ನು ಪೊಲೀಸರಿಗೆ ಒಪ್ಪಿಸಿದ್ದು ಸುದ್ದಿಯಾಗಿತ್ತು. ಹೊರದೇಶದಿಂದ ಬರುವ ಗೆಳೆಯರು ಜೊತೆಗಿದ್ದರೆ ಮೊದಲೇ ತಿಳಿಸಿ.

ಈಗ ಫೋನಿನ ಕೆಲಸ. ಇದನ್ನು ಮನೆಯಲ್ಲಿ, ವೈಫೈ ಇರುವಾಗಲೇ ಮುಗಿಸಿಕೊಳ್ಳಿ. ಆಂಡ್ರಾಯ್ಡ್ ಇದ್ದರೆ ಸಿ:ಜಿಯೋ ಅನ್ನುವ ಆ್ಯಪ್ ಇದೆ, ದುಡ್ಡು ಕೊಡಬೇಕಿಲ್ಲ. ಐಫೋನ್‌ನವರು ಕ್ಯಾಶ್ಲಿ ಬಳಸುತ್ತಾರೆ, ಅದಕ್ಕೆ ಕಾಸು. ಈ ಆಟದ ತಾಣ ನಡೆಸುವ ಕಂಪನಿಯದೇ ಅಧಿಕೃತ ಆ್ಯಪ್ ಕೂಡ ಇದೆ, ಆದರೆ ಪಟ್ಟಿಯನ್ನು ಇಳಿಸಿಕೊಂಡು ನೆಟ್ ಇಲ್ಲದೆ ನೋಡುವ ಸೌಲಭ್ಯ ಅದರಲ್ಲಿ ದುಡ್ಡು ಕಟ್ಟಿದ ಪ್ರೀಮಿಯಂ ಸದಸ್ಯರಿಗೆ ಮಾತ್ರ. ನಾವು ಸಿ:ಜಿಯೋದಲ್ಲಿ ನಕ್ಷೆ ತೆರೆದು ಪಣಜಿ, ಬಾರ್ದೇಶ, ಸಾಲಸೆಟ್ ಕಡೆ ಇರುವ ಡಬ್ಬಿಗಳನ್ನೆಲ್ಲ ಒಂದು ಪಟ್ಟಿಗೆ ಹಾಕಿ ಫೋನಿನಲ್ಲೇ ಉಳಿಸಿಕೊಂಡೆವು. ವಿವರಣೆ, ಸುಳಿವು, ಫೋಟೋ, ಹಿಂದೆ ಹುಡುಕಿದವರು ಆ್ಯಪ್‌ನಲ್ಲಿ ಬರೆದ ಟಿಪ್ಪಣಿ ಅಂದರೆ ಲಾಗ್ ಎಲ್ಲವೂ ಅದರ ಜೊತೆಗೇ ಬರುತ್ತವೆ. ಗೋವಾದ ಓಪನ್ ಸ್ಟ್ರೀಟ್ ಮ್ಯಾಪ್ ನಕ್ಷೆಯನ್ನೂ ಇಳಿಸಿಕೊಳ್ಳಿ. ಚೋರ್ಲಾ ಘಾಟಿನಲ್ಲಿ ಬಂದರೂ ಅನಮೋಡ ಘಾಟಿನಲ್ಲಿ ಬಂದರೂ ನೆಟ್‌ವರ್ಕ್ ಕೈ ಕೊಡುತ್ತದೆ, ಕೋಟೆಗಳ ಹಿಂದಿನ ಸಮುದ್ರದ ಕಡೆಯಲ್ಲೂ ಅದೇ ಕಥೆ. ನೆಟ್ ಹೋದರೂ ಜಿಪಿಎಸ್ ನಡೆಯುತ್ತದೆ, ಯಾಕಂದ್ರೆ ಫೋನ್ ಉಪಗ್ರಹದಿಂದ ಬರುವುದನ್ನು ಕೇಳಿಸಿಕೊಳ್ಳುತ್ತದೆ ಅಷ್ಟೇ, ಏನನ್ನೂ ಕಳಿಸುವುದಿಲ್ಲ. ಏರೋಪ್ಲೇನ್ ಮೋಡಿನಲ್ಲೂ ಜಾಗ ತೋರಿಸುತ್ತದೆ. ಮೊದಲ ಸಲ ಜಾಗ ಹಿಡಿಯಲು ಸ್ವಲ್ಪ ಹೊತ್ತು ಬೇಕಾಗುತ್ತದೆ, ಬಯಲಲ್ಲಿ ನಿಂತು ಕಾಯಿರಿ.

ಪಟ್ಟಿ ಮಾಡುವಾಗಲೇ ಹಿಂದಿನ ಲಾಗ್‌ಗಳನ್ನು ಓದಿ. ಇದು ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ. ಕೊನೆಯ ಮೂರು ನಾಲ್ಕು ಜನ ಸಾಲಾಗಿ ಡಿಎನ್ಎಫ್, ಅಂದರೆ ಸಿಗಲಿಲ್ಲ ಅಂತ ಬರೆದಿದ್ದರೆ ಆ ಡಬ್ಬಿ ಬಹುಶಃ ಇಲ್ಲ. ಮಳೆಗೋ, ಕಸ ಗುಡಿಸುವವರಿಗೋ ಹೋಗಿರುತ್ತದೆ. ಡಬ್ಬಿಯೇ ಇಲ್ಲದ ಅರ್ಥ್‌ಕ್ಯಾಶ್ ನಮೂನೆಯದು ಸಿಕ್ಕರೆ ಬಿಡಬೇಡಿ. ಅಲ್ಲಿನ ಕಲ್ಲು, ಮಣ್ಣು ನೋಡಿ ಕೇಳಿದ ಪ್ರಶ್ನೆಗೆ ಉತ್ತರ ಕಳಿಸಿದರೆ ಆಯಿತು, ಕಳೆದುಹೋಗುವ ಭಯವೇ ಇಲ್ಲ.

ಜಾಗದ ಅಂಕಿಗಳ ವಿಷಯದಲ್ಲಿ ಹೊಸಬರು ಎಡವುತ್ತಾರೆ. ಜಿಯೋಕ್ಯಾಶಿಂಗ್‌ನಲ್ಲಿ ಡಿಗ್ರಿ ಮತ್ತು ದಶಮಾಂಶ ಮಿನಿಟ್ ಬಳಸುತ್ತಾರೆ. ಉದಾಹರಣೆಗೆ ಉತ್ತರ 15° 29.900, ಪೂರ್ವ 73° 49.600 ಅಂದರೆ ಪಣಜಿ. ಇದನ್ನೇ 15.299, 73.496 ಅಂತ ಮ್ಯಾಪಿಗೆ ಹಾಕಿದರೆ ದಡದಿಂದ ಬಹಳ ದೂರ ಅರಬ್ಬೀ ಸಮುದ್ರದಲ್ಲಿ ಗುರುತು ಬೀಳುತ್ತದೆ! ಮಿನಿಟನ್ನು 60ರಿಂದ ಭಾಗಿಸಬೇಕು. ಆ್ಯಪ್‌ನಿಂದಲೇ ದಾರಿ ಹಿಡಿದರೆ ಈ ತಲೆನೋವಿಲ್ಲ. ಆದರೆ ಒಗಟು ಬಿಡಿಸಿ ನಾವೇ ಅಂಕಿ ತುಂಬುವ ಮಿಸ್ಟರಿ ಕ್ಯಾಶ್‌ಗಳಲ್ಲಿ ನೆನಪಿರಲಿ. ಅಕ್ಷಾಂಶದ ಮೂರನೇ ದಶಮಾಂಶ ಒಂದು ಅಂಕಿ ಆಚೀಚೆ ಆದರೆ ನೆಲದ ಮೇಲೆ ಸುಮಾರು 1.85 ಮೀಟರ್ ವ್ಯತ್ಯಾಸ, ಅಷ್ಟೇನೂ ತೊಂದರೆ ಇಲ್ಲ.

ಕೋಟೆಯೊಂದರ ಹತ್ತಿರ ನಡೆದದ್ದು ಹೇಳುತ್ತೇನೆ. ಯಾವ ಕೋಟೆ ಅಂತ ಕೇಳಬೇಡಿ, ಈ ಆಟದಲ್ಲಿ ಗುಟ್ಟು ಬಿಟ್ಟುಕೊಡುವುದು ಮರ್ಯಾದೆ ಅಲ್ಲ. ಡಬ್ಬಿ 4 ಮೀಟರ್ ದೂರದಲ್ಲಿದೆ ಅಂತ ಫೋನ್ ಅನ್ನುತ್ತಿತ್ತು, ಬಾಣ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಫೋನಿನ ಜಿಪಿಎಸ್ ಬಯಲಲ್ಲೇ ಮೂರರಿಂದ ಐದು ಮೀಟರ್ ಆಚೀಚೆ ತೋರಿಸುತ್ತದೆ, ಗೋಡೆಯ ಪಕ್ಕ ಇನ್ನೂ ಜಾಸ್ತಿ. ಹಾಗಾಗಿ ಹತ್ತು ಮೀಟರ್ ಒಳಗೆ ಬಂದ ಮೇಲೆ ಫೋನ್ ಜೇಬಿಗಿಟ್ಟು ಕಣ್ಣು ಬಳಸಿ. ನಿಮ್ಮ ಫೋನ್ ಕವರಿನಲ್ಲಿ ಮ್ಯಾಗ್ನೆಟ್ ಇದ್ದರೆ ತೆಗೆದಿಡಿ, ದಿಕ್ಸೂಚಿ ಕೆಡುತ್ತದೆ.

ಅಲ್ಲಿನ ಗೋಡೆ ಚಿರೆಕಲ್ಲಿನದು. ಕೆಂಪು ಕಲ್ಲಿನ ತುಂಬ ತೂತು, ಪ್ರತಿ ತೂತೂ ಡಬ್ಬಿ ಇಡಲು ಮಾಡಿದ ಹಾಗೇ ಕಾಣುತ್ತದೆ. ಹಾಗಂತ ಬೆರಳು ಹಾಕಬೇಡಿ, ಚೇಳಿರುತ್ತದೆ, ಹಾವೂ ಇರಬಹುದು. ಫೋನಿನ ಟಾರ್ಚ್ ಬಿಟ್ಟು ನೋಡಿ, ಕಡ್ಡಿ ಬಳಸಿ. ಕಲ್ಲು ಕೀಳುವುದು, ಮಣ್ಣು ಅಗೆಯುವುದು ಬೇಡವೇ ಬೇಡ. ಜಾಗದ ಮಾಲೀಕರ ಅನುಮತಿ ಇಲ್ಲದೆ ನೆಲ ಅಗೆದು ಡಬ್ಬಿ ಇಡಬಾರದು ಅಂತ ಆಟದ ನಿಯಮದಲ್ಲೇ ಇದೆ.

ನಾವಿಬ್ಬರು ಗೋಡೆ ಹತ್ತಿರ ಬಗ್ಗಿ ನೋಡುತ್ತಿದ್ದಾಗ ಕಾವಲುಗಾರ ಬಂದ. ನಮ್ಮ ಮಾತು ಕೇಳಿಸಿಕೊಂಡಿರಬೇಕು, ನೇರ ಕನ್ನಡದಲ್ಲೇ ಕೇಳಿದ: "ಏನ್ ಕಳಕೊಂಡೀರಿ ಸರ?" ಗದಗದ ಕಡೆಯವನಂತೆ. ಗೋವಾದಲ್ಲಿ ಇದು ಸಾಮಾನ್ಯ, ಎಳನೀರು ಮಾರುವವರಿಂದ ಹಿಡಿದು ಹೋಟೆಲಿನ ಅಡುಗೆಯವರವರೆಗೆ ನಮ್ಮವರು ಸಿಗುತ್ತಾರೆ. ನನ್ನ ತಮ್ಮ (ಅದೇ ಚಿಕ್ಕಪ್ಪನ ಮಗ) ಫೋನ್ ತೋರಿಸಿ ಆಟದ ವಿಷಯ ಹೇಳಿದ. "ಅದೇನ್ರೀ! ಫಾರಿನ್ನವ್ರು ಬಂದು ಇಲ್ಲೇ ಕುಂತು ಹುಡುಕತಿರ್ತಾರ, ಏನಂತ ನನಗ ತಿಳಿದಿರಲಿಲ್ಲ" ಅಂತ ಕಾವಲುಗಾರ ನಕ್ಕ. ಕೇಳಿದರೆ ಮುಚ್ಚಿಡಬೇಡಿ. ಸುಮ್ನೆ ಗೋಡೆ ಬಳಿ ಏನೋ ತಡಕಾಡುವವರನ್ನು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ ಅಲ್ವಾ? ವಾಸ್ಕೋ, ದಾಬೋಲಿಂ ಕಡೆ ನೌಕಾಪಡೆಯ ಜಾಗ ಬಹಳ, ಅಲ್ಲಿ ಕಾಂಪೌಂಡಿನ ಹತ್ತಿರ ಫೋನ್ ಹಿಡಿದು ಸುತ್ತಾಡಬೇಡಿ. ಪಣಜಿಯ ಫಾಂಟೇನ್ಹಾಸ್ ಓಣಿಗಳಲ್ಲೂ ಜನ ವಾಸಿಸುತ್ತಾರೆ, ಕಿಟಕಿ ಕೆಳಗೆ ಇಣುಕಿದರೆ ಬೈಸಿಕೊಳ್ಳುತ್ತೀರಿ.

ಡಬ್ಬಿ ಸಿಕ್ಕಿತು. ಹಳೇ ಫಿಲ್ಮ್ ರೀಲಿನ ಕಪ್ಪು ಡಬ್ಬಿ, ಮುಚ್ಚಳದ ಅಂಚಿನಲ್ಲಿ ಮರಳು. ಒಳಗಿನ ಚೀಟಿಯನ್ನು ಬೀಡಿಯಷ್ಟು ತೆಳ್ಳಗೆ ಸುತ್ತಿದ್ದರು, ಬಿಚ್ಚಿದರೆ ಒದ್ದೆ, ಹಿಂದಿನವರ ಹೆಸರಿನ ಶಾಯಿ ಹರಡಿ ನೀಲಿ ಕಲೆಯಾಗಿತ್ತು. ಬಾಲ್‌ಪೆನ್ ಅದರ ಮೇಲೆ ಬರೆಯಲೇ ಇಲ್ಲ, ತಮ್ಮನ ಬಳಿ ಇದ್ದ ಪೆನ್ಸಿಲ್ಲೇ ಗತಿ. ಪ್ರಿಂಟ್ ಬೇಡ ಅಂದರೂ ಈ ಒಂದು ಕಾಗದ ತಪ್ಪಿದ್ದಲ್ಲ, ಅದಕ್ಕೆ ಪೆನ್ಸಿಲ್ ಒಯ್ಯಿರಿ. ಒಣ ಕಾಗದದ ಒಂದು ತುಂಡು, ಸಣ್ಣ ಜಿಪ್ ಕವರ್ ಕೂಡ ಇರಲಿ. ಒದ್ದೆ ಚೀಟಿಯನ್ನು ಎಸೆಯದೆ ಪಕ್ಕದಲ್ಲಿ ಒಣದ್ದನ್ನು ಸೇರಿಸಿ, ಹಾಗೆ ಮಾಡಿದ್ದೀರಿ ಅಂತ ಲಾಗ್‌ನಲ್ಲಿ ಬರೆದರೆ ಡಬ್ಬಿ ಇಟ್ಟವರಿಗೆ ಗೊತ್ತಾಗುತ್ತದೆ.

ಬ್ಯಾಟರಿ ಬಗ್ಗೆ: ಬಿಸಿಲಿಗೆ ಪರದೆಯ ಬೆಳಕು ಪೂರ್ತಿ ಏರಿಸಬೇಕು, ಜೊತೆಗೆ ಜಿಪಿಎಸ್, ಹಾಗಾಗಿ ಮಧ್ಯಾಹ್ನದೊಳಗೆ ಫೋನ್ ಸುಸ್ತು. ಪವರ್ ಬ್ಯಾಂಕ್ ಇಲ್ಲದೆ ಹೋಗಬೇಡಿ. ಸ್ಕೂಟರ್ ಹ್ಯಾಂಡಲ್ಲಿಗೆ ಫೋನ್ ಸಿಕ್ಕಿಸುವುದು ನನಗಂತೂ ಇಷ್ಟವಿಲ್ಲ. ಬಿಸಿಲಿಗೆ ಕಾದು ಆಫ್ ಆಗುವುದು ಒಂದು ಕಡೆ, ದೊಡ್ಡ ಬೈಕುಗಳ ಕಂಪನಕ್ಕೆ ಕ್ಯಾಮೆರಾ ಹಾಳಾಗಬಹುದು ಅಂತ 2021ರಲ್ಲಿ ಆ್ಯಪಲ್ ಕಂಪನಿಯೇ ಎಚ್ಚರಿಸಿತ್ತು. ಹಿಂದೆ ಕೂತವರು ದಾರಿ ಹೇಳಲಿ.

ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಜೂನಿನಿಂದ ಸೆಪ್ಟೆಂಬರ್ ತನಕ ಚಿರೆಕಲ್ಲಿನ ಮೇಲೆ ಪಾಚಿ, ಕಾಲು ನಿಲ್ಲಲ್ಲ. ಒದ್ದೆ ಬೆರಳಿಗೆ ಟಚ್ ಸ್ಕ್ರೀನೂ ಮಾತು ಕೇಳಲ್ಲ.

ಸಂಜೆ ಮಾವನ ಮನೆಗೆ ಬಂದಾಗ ಅತ್ತೆ ಕೇಳಿದ್ದು ಒಂದೇ: "ಡಬ್ಬಿ ಸಿಕ್ಕತಲ್ಲ, ಮನಿಗೆ ಯಾಕ ತರಲಿಲ್ಲ?" ಎಷ್ಟು ಹೇಳಿದರೂ ಅವರಿಗೆ ಒಪ್ಪಿಗೆಯಾಗಲಿಲ್ಲ.

ಲಾಗ್‌ಗಳನ್ನು ಅಲ್ಲಲ್ಲೇ ಆಫ್‌ಲೈನ್ ಬರೆದಿಟ್ಟು, ರಾತ್ರಿ ವೈಫೈ ಸಿಕ್ಕಾಗ ಒಟ್ಟಿಗೆ ಕಳಿಸಿ. ಸಿಗದೇ ಇದ್ದದ್ದನ್ನೂ ಡಿಎನ್ಎಫ್ ಅಂತ ಹಾಕಿ, ಮುಂದೆ ಹೋಗುವವರು ಅದನ್ನು ನೋಡಿಯೇ ನಿರ್ಧಾರ ಮಾಡುತ್ತಾರೆ. ವಾಸ್ಕೋದಿಂದ ಹುಬ್ಬಳ್ಳಿಗೆ ರೈಲಿನಲ್ಲಿ ವಾಪಸ್ ಬರುವವರು ಈ ಕೆಲಸವನ್ನು ಕುಳೆಂ ಸ್ಟೇಷನ್ ಬರುವ ಮೊದಲೇ ಮುಗಿಸಿಬಿಡಿ. ಅಲ್ಲಿಂದ ಕ್ಯಾಸಲ್‌ರಾಕ್‌ವರೆಗೆ ಘಾಟು, ನೆಟ್‌ವರ್ಕ್ ನಂಬುವ ಹಾಗಿಲ್ಲ, ಅದೂ ಅಲ್ಲದೆ ದೂಧಸಾಗರ ಬರುವಾಗ ಯಾರೂ ಫೋನ್ ನೋಡುತ್ತಾ ಕೂರುವುದಿಲ್ಲ.