ಅಪ್ಪು ಹೆಸರಿನ ಜೊತೆ ಜೀವಿ ಹೆಸರು ಯಾಕೆ?

2021ರಲ್ಲಿ ಕರ್ನಾಟಕ ಕಳೆದುಕೊಂಡವರ ಮಾತು ಬಂದಾಗಲೆಲ್ಲ ಯಾರಾದರೂ ನನ್ನನ್ನು ಕೇಳುತ್ತಾರೆ: ‘46ಕ್ಕೇ ಹೋದ ಪುನೀತ್ ರಾಜ್‌ಕುಮಾರ್ ಜೊತೆ 107 ವರ್ಷ ಬದುಕಿದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರ (ಜೀವಿ) ಹೆಸರನ್ನೂ ಯಾಕೆ ಹೇಳ್ತೀರಿ? ಅವರದು ತುಂಬು ಜೀವನ ಅಲ್ವಾ?’

ತುಂಬು ಜೀವನವೇ, ಒಪ್ಪಿದೆ. ಆದರೂ ಹೇಳುತ್ತೇನೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಹಿಂದೆ ದಶಕಗಳ ದುಡಿಮೆಯಿದೆ. ಅದರ ಪ್ರಧಾನ ಸಂಪಾದಕರಾಗಿದ್ದವರು ಜೀವಿ. ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಸಣ್ಣಪುಟ್ಟ ಅನುಮಾನಗಳಿಗೂ ವರ್ಷಗಟ್ಟಲೆ ತಾಳ್ಮೆಯಿಂದ ಉತ್ತರ ಕೊಟ್ಟರು. ಪದವೊಂದರ ಬಗ್ಗೆ ಗೊಂದಲವಾದರೆ ಕೇಳೋಣ ಎನ್ನುವಂಥ ಒಬ್ಬ ಹಿರಿಯರಿದ್ದರು. ಏಪ್ರಿಲ್ 19ರ ನಂತರ ಇಲ್ಲ. ವಯಸ್ಸಾಗಿತ್ತು ಎಂದ ಮಾತ್ರಕ್ಕೆ ಅವರ ಜಾಗದಲ್ಲಿ ಇನ್ನೊಬ್ಬರು ಬಂದು ಕೂರುವುದಿಲ್ಲ.

ಎಚ್.ಎಸ್. ದೊರೆಸ್ವಾಮಿ ಅವರ ವಿಷಯದಲ್ಲಂತೂ ‘ವಯಸ್ಸಾಗಿತ್ತು’ ಎಂಬ ಮಾತು ನನಗೆ ಸಹಿಸಲಾಗದು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡರು, ತುರ್ತುಪರಿಸ್ಥಿತಿಯಲ್ಲಿ ಮತ್ತೆ ಕಂಡರು. ಕೊಡಗಿನ ದಿಡ್ಡಳ್ಳಿಯ ಆದಿವಾಸಿಗಳನ್ನು ಒಕ್ಕಲೆಬ್ಬಿಸಿದಾಗ ನೂರರ ಹತ್ತಿರವಿದ್ದ ಇವರು ಅವರ ಪರವಾಗಿ ನಿಂತರು. ಬೆಂಗಳೂರಿನ ಸುತ್ತಲಿನ ಭೂಗಳ್ಳತನದ ವಿರುದ್ಧ, ಮಂಡೂರಿನಲ್ಲಿ ನಗರದ ಕಸ ಸುರಿಯುವುದರ ವಿರುದ್ಧ ಧರಣಿ ಕೂತರು. ಮೇ 26ರಂದು ಹೋದಾಗ 103. ಕೊರೋನಾದಿಂದ ಚೇತರಿಸಿಕೊಂಡಿದ್ದರು, ಹೃದಯ ಕೈಕೊಟ್ಟಿತು. ಅಂಥ ಜೀವಕ್ಕೆ ವಿದಾಯ ಹೇಳಲು ಊರು ಸೇರಬೇಕಿತ್ತು. ಆಗ ಲಾಕ್‌ಡೌನ್.

ನಾನು ಪ್ರತಿಸಲ ಇವರನ್ನೆಲ್ಲ ನೆನಪಿಸುವುದಕ್ಕೆ ಮುಖ್ಯ ಕಾರಣ ಇದೇ. ಎರಡನೇ ಅಲೆಯಲ್ಲಿ ಹೋದವರಿಗಾಗಿ ನಾವು ಒಟ್ಟಿಗೆ ಕೂತು ಅಳಲಿಲ್ಲ. ಜೂನ್ 11ರಂದು ಕವಿ ಸಿದ್ಧಲಿಂಗಯ್ಯ ಕೋವಿಡ್‌ಗೆ ಬಲಿಯಾದರು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿ, 1975ರಲ್ಲಿ ‘ಹೊಲೆಮಾದಿಗರ ಹಾಡು’ ಪ್ರಕಟಿಸಿ, ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲಿ ಒಬ್ಬರಾದವರು. ಗ್ರಾಮದೇವತೆಗಳ ಬಗ್ಗೆ ಸಂಶೋಧನೆ ಮಾಡಿದರು, ವಿಧಾನ ಪರಿಷತ್ತಿನಲ್ಲಿ ಕೂತರು. ಆದರೆ ಅವರ ಪದ್ಯಗಳ ನಿಜವಾದ ಮನೆ ಬೀದಿ. ತಮಟೆಯ ಜೊತೆ, ಮೆರವಣಿಗೆಯಲ್ಲಿ, ಪುಸ್ತಕ ಮುಟ್ಟದವರ ಬಾಯಲ್ಲೂ ಅವು ಹಾಡಾದವು. ಆ ಕವಿ ಹೋದಾಗ ಬೀದಿಗಳೇ ಮುಚ್ಚಿದ್ದವು. ಇದು ನನಗೆ ಇವತ್ತಿಗೂ ಅರಗಿಲ್ಲ.

ಮರುದಿನ ರಾತ್ರಿಯೇ ಸಂಚಾರಿ ವಿಜಯ್‌ಗೆ ಬೈಕ್ ಅಪಘಾತವಾಯಿತು. ಕಡೂರಿನ ಕಡೆಯ ಪಂಚನಹಳ್ಳಿಯ ಹುಡುಗ. ನಾಟಕ ತಂಡದ ಹೆಸರೇ ಅವರ ಹೆಸರಿನ ಭಾಗವಾಗಿತ್ತು. ತೃತೀಯ ಲಿಂಗಿಯ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ನಟ, ಕೊರೋನಾ ಕಾಲದಲ್ಲಿ ಕಷ್ಟದಲ್ಲಿದ್ದವರಿಗೆ ನೆರವು ತಲುಪಿಸುತ್ತಾ ಓಡಾಡುತ್ತಿದ್ದರು. 37 ವರ್ಷ. ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು.

ಅಕ್ಟೋಬರ್ 29ರ ಹೊತ್ತಿಗೆ ಊರು ತೆರೆದಿತ್ತು. ಕಂಠೀರವ ಕ್ರೀಡಾಂಗಣಕ್ಕೆ ಲಕ್ಷಾಂತರ ಜನ ಬಂದು ಅಪ್ಪುವನ್ನು ನೋಡಿದರು. ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಅದನ್ನು ಕಂಡು ಎಷ್ಟೋ ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ಆ ದಿನಗಳ ಅಳುವಿನಲ್ಲಿ ಅಪ್ಪು ಮಾತ್ರ ಇರಲಿಲ್ಲ, ಆ ಬೇಸಿಗೆಯಲ್ಲಿ ಅಳಲಾಗದೆ ಉಳಿದ ನಮ್ಮ ನಮ್ಮ ಮನೆಯವರೂ ಇದ್ದರು ಎಂದು ನಾನು ನಂಬಿದ್ದೇನೆ.

ಇವರಲ್ಲಿ ಯಾರ ಸಾವು ದೊಡ್ಡ ನಷ್ಟ ಎಂದೂ ಕೆಲವರು ಕೇಳುವುದುಂಟು. ಅದಕ್ಕೇ ಹೆಸರುಗಳನ್ನು ತಾರೀಖಿನ ಪ್ರಕಾರ ಹೇಳುತ್ತೇನೆ. ಹಾಗೆ ಹೇಳಿದರೆ ಮೊದಲು ಬರುವವರು ಮಾರ್ಚ್ 6ರಂದು ತೀರಿಕೊಂಡ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು. ಶಿಶುನಾಳ ಷರೀಫರ ಪದಗಳನ್ನು ಸಂಗ್ರಹಿಸಿ ಸುಗಮ ಸಂಗೀತಕ್ಕೆ ಒದಗಿಸಿದವರು. ಜನ ಅವರನ್ನು ‘ಷರೀಫ ಭಟ್ಟರು’ ಎಂದೇ ಕರೆದರು.