‘ರೇಟಿಂಗ್ ಎಷ್ಟು?’ ಅಂತ ಕೇಳುವವರಿಗೆ

ನ್ಯೂಜೆರ್ಸಿಯಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ, ಯುಗಾದಿ ಊಟಕ್ಕೆ ಒಬ್ಬಟ್ಟು ಬಡಿಸುವಷ್ಟರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಏನ್ರೀ, ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್ ಹೇಗೆ? ರೇಟಿಂಗ್ ಎಷ್ಟು?’ ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ. ಕೇಳಿದವರು ಮನೆ ಕೊಳ್ಳಲು ಹೊರಟಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತದೆ. ಮನೆ ಹುಡುಕುವ ಆ್ಯಪ್‌ಗಳಲ್ಲಿ ಫೋಟೊ ಕೆಳಗೆ ಅಲ್ಲಿನ ಶಾಲೆಗೆ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿರುತ್ತಾರೆ. ಎಂಟಕ್ಕಿಂತ ಕಡಿಮೆ ಇದ್ದರೆ, ಅಡುಗೆಮನೆ ಎಷ್ಟು ಚೆನ್ನಾಗಿದ್ದರೂ ಆ ಮನೆ ಬೇಡ. ನಾವೂ ಹಾಗೇ ಹುಡುಕಿದವರು, ಸುಮ್ನೆ ಬೇರೆಯವರನ್ನು ಯಾಕೆ ಆಡಿಕೊಳ್ಳಲಿ.

ಊರಿನಿಂದ ಬರುವ ಪ್ರಶ್ನೆ ಇನ್ನೊಂದು ಥರ. ಹಾಸನದಿಂದ ದೊಡ್ಡಮ್ಮ ಫೋನಿನಲ್ಲಿ, ‘ಅಲ್ವೇ, ಅಷ್ಟು ದೂರ ಹೋಗಿ ಮಕ್ಕಳನ್ನ ಸರ್ಕಾರಿ ಸ್ಕೂಲಿಗೆ ಹಾಕಿದ್ದೀಯಾ?’ ಅಂತ ನೊಂದುಕೊಳ್ಳುತ್ತಾರೆ. ಹಾಕಿದ್ದೇನೆ ದೊಡ್ಡಮ್ಮ. ಫೀಸಿಲ್ಲ. ಆದರೆ ವರ್ಷಕ್ಕೆ ನಾಲ್ಕು ಕಂತಿನಲ್ಲಿ ಮನೆ ಕಂದಾಯ ಕಟ್ಟುತ್ತೇನೆ. ಆ ಬಿಲ್ಲಿನಲ್ಲಿ ಕೌಂಟಿಗೆ ಇಷ್ಟು, ಟೌನಿಗೆ ಇಷ್ಟು, ಶಾಲೆಗೆ ಇಷ್ಟು ಅಂತ ಬೇರೆ ಬೇರೆ ಸಾಲು ಇರುತ್ತದೆ. ಶಾಲೆಯ ಸಾಲೇ ಅರ್ಧಕ್ಕೂ ಜಾಸ್ತಿ. ಮಕ್ಕಳಿಲ್ಲದ ಪಕ್ಕದ ಮನೆಯ ಅಜ್ಜಿಯೂ ಅದನ್ನು ಕಟ್ಟುತ್ತಾರೆ. ಹಾಗಾಗಿ ಶಾಲೆ ಹೇಗೆ ನಡೆಯುತ್ತಿದೆ ಅಂತ ಕೇಳುವ ಹಕ್ಕು ಅವರಿಗೂ ಇದೆ, ಮತ್ತು ಅವರು ಚೆನ್ನಾಗಿ ಕೇಳುತ್ತಾರೆ.

ಇಬ್ಬರಿಗೂ ನನ್ನ ಉತ್ತರ ಒಂದೇ: ಅಂಕ ನೋಡಬೇಡಿ, ಶಾಲೆ ನಡೆಸುವ ಬೋರ್ಡಿನ ಮೀಟಿಂಗಿಗೆ ಹೋಗಿ ಕೂತುಕೊಳ್ಳಿ. ಅದೂ ಮಾರ್ಚ್ ತಿಂಗಳಿನದ್ದಕ್ಕೆ.

ನಮ್ಮೂರಿನ ಹೆಸರು ಬೇಡ. ಎರಡು ಶಾಲೆ, ಕಿಂಡರ್‌ಗಾರ್ಟನ್‌ನಿಂದ ಎಂಟನೇ ಕ್ಲಾಸ್‌ವರೆಗೆ. ಅಷ್ಟೇ ನಮ್ಮ ಡಿಸ್ಟ್ರಿಕ್ಟ್. ಜಿಲ್ಲೆ ಅನ್ನುವ ಅರ್ಥ ಮನಸ್ಸಿನಿಂದ ತೆಗೆದುಬಿಡಿ. ಹಾಸನ, ಮೈಸೂರು, ತುಮಕೂರು ಮೂರೂ ಜಿಲ್ಲೆ ಸೇರಿಸಿದರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟೇ ದೊಡ್ಡ ರಾಜ್ಯ ನ್ಯೂಜೆರ್ಸಿ. ಅದರೊಳಗೆ ಸುಮಾರು ಆರುನೂರು ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ. ನಮ್ಮವರು ಜಾಸ್ತಿ ಇರುವ ಎಡಿಸನ್‌ನಲ್ಲಿ ಹದಿನೈದು ಸಾವಿರಕ್ಕೂ ಮೀರಿ ಮಕ್ಕಳು. ನಮ್ಮದರಂಥವುಗಳಲ್ಲಿ ಕೆಲವು ನೂರು. ಒಂದು ಕಾಲಕ್ಕೆ ಬೋರ್ಡ್ ಇದ್ದು ಶಾಲೆಯೇ ಇಲ್ಲದ ಡಿಸ್ಟ್ರಿಕ್ಟ್‌ಗಳೂ ಇದ್ದವು! ತಮ್ಮ ಮಕ್ಕಳನ್ನು ಪಕ್ಕದ ಊರಿಗೆ ಕಳಿಸಿ ಫೀಸು ಕಟ್ಟುವುದಷ್ಟೇ ಅವುಗಳ ಕೆಲಸ. 2009ರಲ್ಲಿ ಕಾನೂನು ತಂದು ಅವನ್ನು ಮುಚ್ಚಲು ಶುರು ಮಾಡಿದರು.

ನಡೆಸುವವರು ಯಾರು? ಊರಿನವರೇ. ನಮ್ಮ ಬೋರ್ಡಿನಲ್ಲಿ ಏಳು ಜನ. ನವೆಂಬರ್ ಚುನಾವಣೆಯಲ್ಲಿ ಗೆದ್ದು ಬರುತ್ತಾರೆ, ಮೂರು ವರ್ಷದ ಅವಧಿ, ಬಿಡಿಗಾಸು ಸಂಬಳ ಇಲ್ಲ. ‘ಗೆದ್ದು’ ಅಂದೆ, ಆದರೆ ಚಿಕ್ಕ ಊರುಗಳಲ್ಲಿ ಎಷ್ಟೋ ಸಲ ಎದುರಾಳಿಯೇ ಇರುವುದಿಲ್ಲ. ಯಾರೂ ನಿಲ್ಲದೆ, ಮತಪತ್ರದಲ್ಲಿ ಕೈಯಿಂದ ಹೆಸರು ಬರೆದ ಬೆರಳೆಣಿಕೆ ಮತಗಳಲ್ಲೇ ಆಯ್ಕೆ ಮುಗಿಯುವುದೂ ಉಂಟು. ಈ ಏಳು ಜನ ಒಬ್ಬ ಸೂಪರಿಂಟೆಂಡೆಂಟನ್ನು ನೇಮಿಸುತ್ತಾರೆ. ದಿನದಿನದ ಆಡಳಿತ ಅವರದು. ದುಡ್ಡಿನ ಲೆಕ್ಕಕ್ಕೆ ಬಿಸಿನೆಸ್ ಅಡ್ಮಿನಿಸ್ಟ್ರೇಟರ್. ಟೀಚರ್ ಯಾರಾಗಬೇಕು ಅಂತ ಸೂಪರಿಂಟೆಂಡೆಂಟ್ ಶಿಫಾರಸು ಮಾಡಬೇಕು, ಬೋರ್ಡು ಒಪ್ಪಬೇಕು. ಶಿಫಾರಸಿಲ್ಲದೆ ಬೋರ್ಡಿನವರು ತಮಗೆ ಬೇಕಾದವರನ್ನು ತುರುಕುವ ಹಾಗಿಲ್ಲ.

ನಮ್ಮ ಕಡೆ ಬಿಇಒ ಆಫೀಸು, ಡಿಡಿಪಿಐ ಆಫೀಸು, ಅದರ ಮೇಲೆ ಬೆಂಗಳೂರು ಅಂತ ಮೆಟ್ಟಿಲುಗಳಿವೆಯಲ್ಲ, ಅದು ನೋಡಿ ಬೆಳೆದ ನನಗೆ ಇದು ಮೊದಮೊದಲು ಆಟದ ಹಾಗೆ ಕಾಣುತ್ತಿತ್ತು. ಕರ್ನಾಟಕದಲ್ಲೂ 2001ರಿಂದ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿ ಇದೆ, ಅದರಲ್ಲಿ ಪೋಷಕರೇ ಇರುತ್ತಾರೆ. ಆದರೆ ಮೇಷ್ಟ್ರ ನೇಮಕ, ಸಂಬಳ, ವರ್ಗಾವಣೆ ಯಾವುದೂ ಅವರ ಕೈಯಲ್ಲಿಲ್ಲ. ಇಲ್ಲಿ ಅದೇ ಥರದ ಏಳು ಜನ ಕೂತು ಊರಿನ ತೆರಿಗೆ ಎಷ್ಟು ಏರಬೇಕು ಅಂತ ತೀರ್ಮಾನಿಸುತ್ತಾರೆ.

ಚಿಕ್ಕ ಊರಿನ ಫಜೀತಿಯೂ ಇದರಲ್ಲೇ ಇದೆ. ಒಬ್ಬ ಸದಸ್ಯನ ಹೆಂಡತಿ ಅದೇ ಶಾಲೆಯಲ್ಲಿ ಟೀಚರ್, ಇನ್ನೊಬ್ಬರ ತಂಗಿ ಆಫೀಸಿನಲ್ಲಿ. ಸಂಬಳದ ಮಾತು ಬಂದಾಗ ಅವರೆಲ್ಲ ಮತ ಹಾಕದೆ ಹಿಂದೆ ಸರಿಯಬೇಕು. ಎಲ್ಲರೂ ಸರಿದರೆ ಮತ ಹಾಕಲು ಜನವೇ ಉಳಿಯುವುದಿಲ್ಲ! ಅಂಥ ಹೊತ್ತಿಗೆ, ಬೇರೆ ದಾರಿಯಿಲ್ಲ ಅಂತ ಠರಾವು ಮಾಡಿ, ಕಾರಣ ಓದಿ ಹೇಳಿ, ಅವರೂ ಮತ ಹಾಕಬಹುದು ಅಂತ ಒಂದು ನಿಯಮ ಇಟ್ಟಿದ್ದಾರೆ.

ಮೀಟಿಂಗ್ ನಡೆಯುವುದು ಶಾಲೆಯ ಲೈಬ್ರರಿಯಲ್ಲಿ, ಸಂಜೆ ಏಳೂವರೆಗೆ. ಕುರ್ಚಿಗಳು ಮೂರನೇ ಕ್ಲಾಸಿನವರ ಅಳತೆಯವು. ಮೊಣಕಾಲು ಎದೆಗೆ ತಾಗುತ್ತದೆ. 1975ರ ರಾಜ್ಯ ಕಾನೂನಿನ ಪ್ರಕಾರ ಮೀಟಿಂಗ್ ಎಲ್ಲರಿಗೂ ತೆರೆದಿರಬೇಕು. ಸಾರ್ವಜನಿಕರಿಗೆ ಮಾತಾಡಲು ತಲಾ ಮೂರು ನಿಮಿಷ. ಎದ್ದು ನಿಂತು ಹೆಸರು, ಊರು ಹೇಳಬೇಕು. ಇಲ್ಲಿ ನಮ್ಮವರಿಗೆ ಒಂದು ಮಾತು: ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ಕಾಯುತ್ತಿರುವವರಿಗೆ ಮತ ಇಲ್ಲ, ಬೋರ್ಡಿಗೆ ನಿಲ್ಲುವ ಹಾಗೂ ಇಲ್ಲ. ಆದರೆ ಆ ಮೂರು ನಿಮಿಷ ಇದೆ. ಅದನ್ನು ಬಳಸಿದ ಕನ್ನಡದವರನ್ನು ನಾನು ನಮ್ಮೂರಲ್ಲಿ ಇನ್ನೂ ನೋಡಿಲ್ಲ.

ಮಾರ್ಚ್ ಯಾಕೆ ಅಂದರೆ, ಗವರ್ನರ್ ಬಜೆಟ್ ಓದಿದ ಬೆನ್ನಿಗೆ ಯಾವ ಡಿಸ್ಟ್ರಿಕ್ಟ್‌ಗೆ ಎಷ್ಟು ಹಣ ಅಂತ ರಾಜ್ಯದ ಪಟ್ಟಿ ಬರುತ್ತದೆ. ಅವತ್ತು ಬಿಸಿನೆಸ್ ಅಡ್ಮಿನಿಸ್ಟ್ರೇಟರ್ ಮುಖ ನೋಡಿದರೆ ಸಾಕು. 2008ರ ಸೂತ್ರದ ಪ್ರಕಾರ ಊರಿನ ಮನೆಗಳ ಬೆಲೆ, ಜನರ ಆದಾಯ ನೋಡಿ ‘ಶಾಲೆಗೆ ನಿಮ್ಮೂರು ಹಾಕಬೇಕಾದ ಪಾಲು ಇಷ್ಟು’ ಅಂತ ಲೆಕ್ಕ ಹಾಕುತ್ತಾರೆ. ಬಡ ಪಟ್ಟಣಗಳ ಮಕ್ಕಳಿಗೆ ಸರಿಯಾದ ಪಾಲು ಸಿಗಲಿ ಅಂತ 1980ರ ದಶಕದಿಂದ ರಾಜ್ಯದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪುಗಳ ಒಂದು ಸರಣಿಯೇ ಇದರ ಹಿಂದಿದೆ. ಅದು ನ್ಯಾಯ, ನನಗೆ ಅದರಲ್ಲಿ ತಕರಾರಿಲ್ಲ. 2018ರಲ್ಲಿ ಇನ್ನೊಂದು ಕಾನೂನು ಬಂತು. ಸೂತ್ರಕ್ಕಿಂತ ಜಾಸ್ತಿ ಪಡೆಯುತ್ತಿದ್ದ ಡಿಸ್ಟ್ರಿಕ್ಟ್‌ಗಳಿಗೆ ಏಳು ವರ್ಷದಲ್ಲಿ ಹಂತಹಂತವಾಗಿ ಕತ್ತರಿ. ಮಕ್ಕಳ ಸಂಖ್ಯೆ ಇಳಿಯುತ್ತಿದ್ದ ಎಷ್ಟೋ ಊರುಗಳಿಗೆ ಆ ವರ್ಷಗಳು ಬಿಸಿ ತಾಗಿಸಿದವು.

ರಾಜ್ಯ ಕೊಡದಿದ್ದರೆ ಊರಿನಲ್ಲೇ ತೆರಿಗೆ ಏರಿಸಬಹುದಲ್ಲ ಅಂತೀರಾ? ಶಾಲೆಗೆ ಎತ್ತುವ ತೆರಿಗೆಯನ್ನು ವರ್ಷಕ್ಕೆ ಎರಡು ಪರ್ಸೆಂಟಿಗಿಂತ ಹೆಚ್ಚಿಸುವ ಹಾಗಿಲ್ಲ. ಆರೋಗ್ಯ ವಿಮೆ, ಮಕ್ಕಳ ಸಂಖ್ಯೆ ಹೆಚ್ಚಿದ್ದು, ಹೀಗೆ ಒಂದೆರಡಕ್ಕೆ ವಿನಾಯಿತಿ ಇದೆ. ಅದನ್ನೂ ಮೀರಬೇಕಾದರೆ ಊರಿನವರ ಮತ ಕೇಳಬೇಕು. ಲೆಕ್ಕಕ್ಕೆ ಅಂತ, ಊರು ಎತ್ತುವ ತೆರಿಗೆ ಒಂದು ಕೋಟಿ ಡಾಲರ್ ಅಂದುಕೊಳ್ಳಿ. ಎರಡು ಪರ್ಸೆಂಟ್ ಅಂದರೆ ಎರಡು ಲಕ್ಷ. ಟೀಚರ್‌ಗಳ ಸಂಬಳದ ಒಪ್ಪಂದವೇ ಅದನ್ನು ನುಂಗುತ್ತದೆ.

ಆಗ, ಆಗಸ್ಟಿನಲ್ಲಿ, ಊರಿಗೆ ಒಂದು ಹೊಸ ಸಂಸಾರ ಬರುತ್ತದೆ. ಅವರ ಮಗುವಿಗೆ ಬೇಕಾದ ಆರೈಕೆ, ಪಾಠ ನಮ್ಮ ಎರಡು ಶಾಲೆಗಳಲ್ಲಿ ಕೊಡಲು ಆಗುವಂಥದ್ದಲ್ಲ. ವಿಶೇಷ ಶಾಲೆಗೆ ಕಳಿಸಬೇಕು. ಫೀಸು, ವ್ಯಾನು, ಜೊತೆಗೆ ಹೋಗುವ ಸಹಾಯಕಿ ಎಲ್ಲ ಸೇರಿ ಒಂದೇ ಮಗುವಿಗೆ ವರ್ಷಕ್ಕೆ ಒಂದು ಲಕ್ಷ ಡಾಲರ್ ದಾಟಬಹುದು. 1975ರ ಕೇಂದ್ರ ಕಾನೂನಿನ ಪ್ರಕಾರ ಅದು ಮಗುವಿನ ಹಕ್ಕು. ದುಡ್ಡಿಲ್ಲ ಅನ್ನುವ ಹಾಗಿಲ್ಲ, ಅನ್ನಲೂಬಾರದು. ಈ ಹೆಚ್ಚುವರಿ ಖರ್ಚಿಗೆ ಅಂತ, ದೇಶದಲ್ಲಿ ಒಂದು ಮಗುವಿನ ಶಾಲೆಗೆ ಆಗುವ ಸರಾಸರಿ ಖರ್ಚಿನ ನಲವತ್ತು ಪರ್ಸೆಂಟ್‌ವರೆಗೆ ತಾನು ಕೊಡುತ್ತೇನೆ ಅಂತ ವಾಷಿಂಗ್ಟನ್ ಅವತ್ತೇ ಮಾತು ಕೊಟ್ಟಿತ್ತು. ಇವತ್ತಿನವರೆಗೂ ಪೂರ್ತಿ ಕೊಟ್ಟಿಲ್ಲ. ಖಾಸಗಿ ವಿಶೇಷ ಶಾಲೆಯ ಖರ್ಚು 55,000 ಡಾಲರ್ ದಾಟಿದರೆ ಮೇಲಿನದರಲ್ಲಿ ಸ್ವಲ್ಪ ರಾಜ್ಯ ವಾಪಸ್ ಕೊಡುತ್ತದೆ, ಅದೂ ಖರ್ಚಾದ ಮೇಲೆ. ಎಡಿಸನ್‌ನಂಥ ಕಡೆ ಇಂಥ ಖರ್ಚು ದೊಡ್ಡ ಬಜೆಟ್ಟಿನಲ್ಲಿ ಕರಗಿಹೋಗುತ್ತದೆ. ನಮ್ಮಲ್ಲಿ ಅದು ಒಂದು ಟೀಚರ್ ಹುದ್ದೆ.

ಮೀಟಿಂಗಿನ ಕಾಗದದಲ್ಲಿ ಆ ಮಗುವಿನ ಹೆಸರಿರುವುದಿಲ್ಲ, ಒಂದು ನಂಬರ್ ಮಾತ್ರ. ಒಂದು ಸಲ ಒಬ್ಬರು ಎದ್ದು ನಿಂತು, ‘ಇದು ಯಾರ ಮನೆ ಮಗು? ನಾವು ಕೊಡುತ್ತಿರುವ ದುಡ್ಡು’ ಅಂತ ಕೇಳಿದರು. ಬೋರ್ಡಿನ ಅಧ್ಯಕ್ಷೆ ಮಾತನ್ನು ಅಲ್ಲೇ ತಡೆದರು. ‘ಈ ಪ್ರಶ್ನೆ ಇಲ್ಲಿಗೆ ನಿಲ್ಲಲಿ. ಮುಂದಿನ ವಿಷಯ.’ ಮುಂದಿನ ವಿಷಯ ಹಿಮ ತೆಗೆಯುವ ಗುತ್ತಿಗೆ. ಲೈಬ್ರರಿ ತಣ್ಣಗಾಗಿತ್ತು. ಚಿಕ್ಕ ಊರು, ಯಾರ ಮನೆ ಮಗು ಅಂತ ಅಲ್ಲಿ ಅರ್ಧ ಜನಕ್ಕೆ ಗೊತ್ತಿತ್ತು. ನಮ್ಮ ಡಿಸ್ಟ್ರಿಕ್ಟ್ ಚೆನ್ನಾಗಿದೆಯಾ ಅಂತ ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಆ ಅರ್ಧ ನಿಮಿಷ. ರೇಟಿಂಗಿನಲ್ಲಿ ಅದು ಬರುವುದಿಲ್ಲ.

ಸರಿ, ರೇಟಿಂಗಿಗೇ ಬರೋಣ. ಅದಕ್ಕೆ ಮುಖ್ಯ ಸರಕು ರಾಜ್ಯದ ವಾರ್ಷಿಕ ಪರೀಕ್ಷೆಯ ಅಂಕ. ಪರೀಕ್ಷೆ ಮೂರನೇ ಕ್ಲಾಸಿನಿಂದ ಶುರು. ಐದು ಹಂತಗಳಲ್ಲಿ ಮೇಲಿನ ಎರಡು ಮುಟ್ಟಿದರೆ ಸರಿಯಾಗಿ ಕಲಿತಿದ್ದಾರೆ ಅಂತ ಅರ್ಥ. ನಮ್ಮಲ್ಲಿ ಒಂದು ಕ್ಲಾಸಿಗೆ ಇಪ್ಪತ್ತು ಮಕ್ಕಳು ಅಂತಿಟ್ಟುಕೊಳ್ಳಿ, ಒಂದೊಂದು ಮಗುವೂ ಐದು ಪರ್ಸೆಂಟ್. ಚೆನ್ನಾಗಿ ಓದುವ ಅವಳಿ ಮಕ್ಕಳ ಸಂಸಾರವೊಂದು ಟೆಕ್ಸಸ್‌ಗೆ ಹೋದರೆ ಅಂಕಿ ಬಿತ್ತು. ಅದೇ ಟೀಚರ್, ಅದೇ ಪುಸ್ತಕ. ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಗುಂಪಿನ ಫಲಿತಾಂಶವನ್ನು ರಾಜ್ಯ ಹೊರಗೆ ತೋರಿಸುವುದೇ ಇಲ್ಲ, ಯಾರು ಯಾರು ಅಂತ ಗೊತ್ತಾಗಿಬಿಡುತ್ತದೆ ಅಂತ. ಅಪ್ಪ ಅಮ್ಮ ಓದಿಕೊಂಡು, ಕೈತುಂಬ ಸಂಬಳ ಇರುವ ಊರಲ್ಲಿ ಅಂಕ ಹೇಗೂ ಮೇಲಿರುತ್ತದೆ. ಸಂಜೆ ಟ್ಯೂಷನ್‌ಗೆ ಕಳಿಸುವವರು ನಾವೇ ಅಲ್ವಾ? ಆ ಅಂಕದಲ್ಲಿ ಶಾಲೆಯದೆಷ್ಟು, ಟ್ಯೂಷನ್ನಿನದೆಷ್ಟು?

ಅದಕ್ಕಿಂತ ‘ಬೆಳವಣಿಗೆ’ ಅನ್ನುವ ಅಂಕಿ ವಾಸಿ. ಹಿಂದಿನ ವರ್ಷ ಇಷ್ಟೇ ಅಂಕ ಪಡೆದಿದ್ದ ರಾಜ್ಯದ ಬೇರೆ ಮಕ್ಕಳ ಜೊತೆ ಹೋಲಿಸಿ, ಈ ಮಗು ಈ ವರ್ಷ ಎಷ್ಟು ಮುಂದೆ ಬಂತು ಅಂತ ನೋಡುತ್ತಾರೆ. 50 ಅಂದರೆ ಮಧ್ಯ. ಪ್ರತಿ ಶಾಲೆಯ ಬಗ್ಗೆ ರಾಜ್ಯ ವರ್ಷಾ ವರ್ಷ ವರದಿ ಹಾಕುತ್ತದೆ, ಇದು ಅದರಲ್ಲಿ ಸಿಗುತ್ತದೆ. ಒಂದು ವರ್ಷದ್ದು ನೋಡಬೇಡಿ, ನಾಲ್ಕೈದು ವರ್ಷದ್ದು ಸಾಲಾಗಿ ನೋಡಿ.

ಅದೇ ವರದಿಯಲ್ಲಿ ಗೈರುಹಾಜರಿಯ ಅಂಕಿಯೂ ಇದೆ, ಅದರ ಬಗ್ಗೆ ನಾನು ತಪ್ಪೊಪ್ಪಿಕೊಳ್ಳಬೇಕು. ವರ್ಷಕ್ಕೆ 180 ದಿನ ಶಾಲೆ. ಹತ್ತು ಪರ್ಸೆಂಟ್, ಅಂದರೆ 18 ದಿನ ತಪ್ಪಿದರೆ ಆ ಮಗು ‘ದೀರ್ಘ ಗೈರು’ ಲೆಕ್ಕಕ್ಕೆ ಸೇರುತ್ತದೆ. ಡಿಸೆಂಬರಿನಲ್ಲಿ ನಾವು ಊರಿಗೆ ಹೋದೆವು. ರಜೆಗೆ ಮುಂಚೆ ಒಂದು ವಾರ, ಆಮೇಲೆ ಎರಡು ವಾರ, ತಮ್ಮನ ಮದುವೆ ಬೇರೆ. ಹದಿನೈದು ದಿನ ಅಲ್ಲೇ ಹೋಯಿತು. ವಾಪಸ್ ಬಂದ ಮೇಲೆ ಮಗಳಿಗೆ ಮೂರು ದಿನ ಜ್ವರ. ಹದಿನೆಂಟು. ಆ ವರ್ಷ ನಮ್ಮ ಪರಿಚಯದ ಇನ್ನೂ ಎರಡು ಮನೆಯವರು ಹಾಗೇ ಹೋಗಿದ್ದರು. ಮುಂದಿನ ಮೀಟಿಂಗಿನಲ್ಲಿ ಸೂಪರಿಂಟೆಂಡೆಂಟ್ ಗೈರುಹಾಜರಿ ಯಾಕೆ ಏರಿತು ಅಂತ ಗ್ರಾಫ್ ತೋರಿಸುತ್ತಿದ್ದರೆ, ನಾನು ಆ ಪುಟ್ಟ ಕುರ್ಚಿಯಲ್ಲಿ ಇನ್ನಷ್ಟು ಕುಗ್ಗಿ ಕೂತಿದ್ದೆ.

ಮನೆ ಹುಡುಕುವವರು ಮರೆಯುವುದು ಇನ್ನೊಂದಿದೆ. ನಮ್ಮ ಡಿಸ್ಟ್ರಿಕ್ಟಿನಲ್ಲಿ ಹೈಸ್ಕೂಲೇ ಇಲ್ಲ. ಎಂಟನೇ ಕ್ಲಾಸ್ ಮುಗಿದ ಮೇಲೆ ಮಕ್ಕಳು ಬೇರೆ ಡಿಸ್ಟ್ರಿಕ್ಟಿನ ಹೈಸ್ಕೂಲಿಗೆ ಹೋಗುತ್ತಾರೆ, ತಲೆಗೆ ಇಷ್ಟು ಅಂತ ನಮ್ಮ ಬೋರ್ಡು ಫೀಸು ಕಟ್ಟುತ್ತದೆ. ಆ ಹೈಸ್ಕೂಲನ್ನು ನಡೆಸುವ ಬೋರ್ಡು ಬೇರೆ. ಚಿಕ್ಕ ಡಿಸ್ಟ್ರಿಕ್ಟ್‌ಗಳಲ್ಲಿ ಇದು ತೀರಾ ಮಾಮೂಲಿ.

ಹೋದ ವರ್ಷ ಯುಗಾದಿ ಊಟದಲ್ಲಿ ಕೇಳಿದವರೊಬ್ಬರು ನನ್ನ ಮಾತು ನಂಬಿ ನಿಜವಾಗಲೂ ಮೀಟಿಂಗಿಗೆ ಬಂದರು. ಎರಡು ಗಂಟೆ ಕೂತರು. ಅವತ್ತು ಚಿತ್ರಕಲೆ ಟೀಚರನ್ನು ವಾರಕ್ಕೆ ಐದು ದಿನದಿಂದ ಮೂರು ದಿನಕ್ಕೆ ಇಳಿಸುವ ಚರ್ಚೆ ಇತ್ತು. ಒಬ್ಬ ತಾಯಿ ಮಗನ ಚಿತ್ರ ತಂದು ತೋರಿಸಿ, ಮೂರು ನಿಮಿಷ ಮುಗಿದರೂ ಕೂರಲಿಲ್ಲ. ಪಕ್ಕದ ಮನೆಯ ಅಜ್ಜಿ ಬಾಯ್ಲರ್ ರಿಪೇರಿಗೆ ಯಾಕೆ ಅಷ್ಟು ದುಡ್ಡು ಅಂತ ಕೇಳಿದರು. ಟೀಚರ್ ನಾಲ್ಕು ದಿನಕ್ಕೆ ಉಳಿದರು, ಬಾಯ್ಲರ್ ಮುಂದಕ್ಕೆ ಹೋಯಿತು. ಹೊರಗೆ ಕಾರ್ ಹತ್ತಿರ ನಿಂತು ಅವರು, ‘ಇಷ್ಟೆಲ್ಲ ಜಗಳ ಆಡ್ತಾರಲ್ರೀ’ ಅಂದರು. ಹೊಗಳಿದರೋ ತೆಗಳಿದರೋ ಗೊತ್ತಾಗಲಿಲ್ಲ.

ಆಮೇಲೆ ಅವರು ಪಕ್ಕದ ಊರಿನಲ್ಲಿ ಮನೆ ತೆಗೆದುಕೊಂಡರು. ರೇಟಿಂಗ್ ಒಂಬತ್ತಂತೆ. ಅವರ ಮಗ, ನನ್ನ ಮಗಳು ಇಬ್ಬರೂ ಬರುವ ಸೆಪ್ಟೆಂಬರಿನಲ್ಲಿ ಒಂದೇ ಹೈಸ್ಕೂಲಿಗೆ ಹೋಗುತ್ತಾರೆ.